ನೂರ ಅರವತ್ತೆಂಟು ಕಿಲೋ

ನನ್ನ ಅಂಗಡಿಗೆ ವರ್ಷವಿಡೀ ಬರುತ್ತಿದ್ದವರು ಬೇರೆ, ತೂಕದ ಹಿಂದಿನ ದಿನ ಬರುತ್ತಿದ್ದವರು ಬೇರೆ. ಮೊದಲನೆಯವರು ಕನ್ನಡಿ ನೋಡಿಕೊಂಡು ಮೀಸೆ ಹೀಗಿರಲಿ, ಕಪಾಳದ ಕೂದಲು ಹಾಗಿರಲಿ ಎಂದು ಪಿರಿಪಿರಿ ಮಾಡುತ್ತಿದ್ದರು. ಎರಡನೆಯವರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, ಎಲ್ಲಾ ತೆಗೆದುಬಿಡು ಎನ್ನುತ್ತಿದ್ದರು. ತಲೆ, ಗಡ್ಡ, ಮೀಸೆ, ಎದೆ, ಕಂಕುಳು. ಕೆಲವರು ಹುಬ್ಬನ್ನೂ ಬಿಡುತ್ತಿರಲಿಲ್ಲ. ಆಮೇಲೆ ನೆಲದ ಮೇಲೆ ಬಿದ್ದ ಕೂದಲನ್ನು ಬೊಗಸೆಯಲ್ಲಿ ಎತ್ತಿ, ಕೈಯಲ್ಲೇ ತೂಗಿ ನೋಡಿ, ‘ಇಷ್ಟೇನಾ?’ ಎಂದು ನನ್ನನ್ನು ಕೇಳುತ್ತಿದ್ದರು, ಉಳಿದದ್ದನ್ನು ನಾನೇ ಬಚ್ಚಿಟ್ಟುಕೊಂಡಿದ್ದೇನೆ ಎನ್ನುವ ಹಾಗೆ. ಗಂಡಸಿನ ತಲೆಗೂದಲು ಎಷ್ಟು ಹುಲುಸಾಗಿದ್ದರೂ ನೂರು ಗ್ರಾಂ ದಾಟುವುದಿಲ್ಲ. ಹೆಂಗಸಿನ ಜಡೆ ಇನ್ನೂರು. ಇದನ್ನು ಆ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಅಲ್ಲಿ ಹೊರಗಿನವರು ಎರಡು ಬಗೆ. ಒಡೆಯನೊಬ್ಬನ ಕೈಕೆಳಗೆ ದುಡಿಯಲು ಬಂದವರಿದ್ದರು, ಅವರ ತೂಕಕ್ಕೆ ಒಡೆಯನೇ ಹೊಣೆ. ನನ್ನಂಥವರು ಸ್ವಂತ ಕಸುಬಿನವರು. ನಮಗೆ ಒಂದು ಮನೆಗೆ ಒಂದೇ ಪರವಾನಗಿ ಕಾಗದ. ಅದರಲ್ಲಿ ಮನೆಮಂದಿಯ ಹೆಸರು, ಕಸುಬಿನ ಹೆಸರು, ಕೆಳಗೆ ನಾವು ಊರೊಳಗೆ ಕಾಲಿಟ್ಟ ದಿನ ಎಲ್ಲರೂ ಒಟ್ಟಿಗೆ ನಿಂತು ತೂಗಿಸಿಕೊಂಡ ತೂಕ. ವರ್ಷಕ್ಕೊಮ್ಮೆ ಅದೇ ತಾರೀಖಿಗೆ ತೂಕದ ಮನೆಗೆ ಹೋಗಿ ಅದೇ ಹಲಗೆಯ ಮೇಲೆ ಎಲ್ಲರೂ ನಿಲ್ಲಬೇಕು. ಮುಳ್ಳು ಬರೆದ ತೂಕವನ್ನು ದಾಟದಿದ್ದರೆ ಇನ್ನೊಂದು ವರ್ಷದ ಮುದ್ರೆ. ದಾಟಿದರೆ ಮನೆಯಲ್ಲಿ ಯಾರಾದರೂ ಒಬ್ಬರು ಹೊಳೆಯ ಸೇತುವೆ ದಾಟಿ ಹೊರಗೆ ಹೋಗಬೇಕು. ಹೋದವರು ಮತ್ತೆ ಬರುವಂತಿಲ್ಲ. ಯಾರು ಹೋಗಬೇಕು ಎನ್ನುವುದನ್ನು ಊರಿನವರು ಹೇಳುತ್ತಿರಲಿಲ್ಲ. ಅದನ್ನು ಮನೆಯವರೇ ಅಲ್ಲಿನ ಬೆಂಚಿನ ಮೇಲೆ ಕೂತು ಹೊತ್ತು ಮುಳುಗುವುದರೊಳಗೆ ತೀರ್ಮಾನಿಸಬೇಕಿತ್ತು.

ಊರಿಗೆ ಭಾರವಾಗಬಾರದು ಎನ್ನುವುದು ಅಲ್ಲಿನವರ ಮಾತು. ಕೆಟ್ಟ ಮಂದಿಯಲ್ಲ. ಅವರೂ ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು, ಬಾಗಿಲನ್ನು ಧಡಾರನೆ ಹಾಕುತ್ತಿರಲಿಲ್ಲ, ಮದುವೆಯಲ್ಲೂ ಕುಣಿಯುತ್ತಿರಲಿಲ್ಲ. ನಮ್ಮ ಓಣಿಯ ಯಾವ ಮನೆಗಾದರೂ ತೂಕದ ತಿಂಗಳು ನಡೆದಿದ್ದರೆ ಪಕ್ಕದ ಓಣಿಯವರು ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ಕರುಣೆ ಅವರಿಗಿತ್ತು.

ನಾವು ನಾಲ್ವರು. ನಾನು ಸಂಗನಬಸಪ್ಪ, ಹೆಂಡತಿ ಕಸ್ತೂರಿ, ನನ್ನ ಅವ್ವ, ಮಗಳು ದಾನಮ್ಮ. ಮಗಳನ್ನು ದಾನಿ ಎಂದು ಕರೆಯುತ್ತೇವೆ. ನಮ್ಮ ಊರು, ನನ್ನ ಅಂಗಡಿ, ಅಂಗಡಿಯ ಮುಂದಿನ ಬೇವಿನ ಮರ ಎಲ್ಲವೂ ಅಣೆಕಟ್ಟಿನ ಹಿನ್ನೀರಿನ ಅಡಿಗೆ ಹೋಗಿದ್ದವು. ಸರಕಾರ ತೋರಿಸಿದ ಹೊಸ ಜಾಗದಲ್ಲಿ ಮನೆಗಳಿದ್ದವು, ಜನ ಇರಲಿಲ್ಲ. ತಲೆಗಳೇ ಇಲ್ಲದ ಕಡೆ ಕತ್ತರಿ ಹಿಡಿದು ಏನು ಮಾಡುವುದು? ಆಗ ಒಬ್ಬ ಏಜೆಂಟ್ ಈ ಊರಿನ ಸುದ್ದಿ ಹೇಳಿದ. ಎರಡು ವರ್ಷ ಅರ್ಜಿ, ಫೋಟೊ, ಮುದ್ರೆ, ಮತ್ತೆ ಅರ್ಜಿ. ಕಸುಬಿನ ಪುರಾವೆ ಬೇಕೆಂದು ವೀಸಾ ಕಚೇರಿಯಲ್ಲಿ ಮೂವರು ಸಾಹೇಬರ ಗಡ್ಡ ಕೆರೆಸಿದರು. ಒಬ್ಬರಿಗೂ ಗೀರು ಬೀಳಬಾರದು ಎಂಬುದು ಷರತ್ತು. ಮೂರನೆಯವರು ಕ್ಷೌರದ ನಡುವೆ ಸೀನಿದರು. ನನ್ನ ಕೈ ಅಲುಗಲಿಲ್ಲ. ಅಲ್ಲಿಗೆ ಪರವಾನಗಿ ಮಂಜೂರಾಯಿತು. ಹೊರಡುವ ದಿನ ಏಜೆಂಟ್ ಕೊನೆಯದಾಗಿ ಒಂದು ಮಾತು ಹೇಳಿದ: ‘ಅಲ್ಲಿ ತೂಕಾ ನೋಡ್ತಾರ, ಹುಷಾರ್.’

ಅಷ್ಟೇ ಹೇಳಿದ. ಹೆಚ್ಚಿರಬೇಕೋ ಕಡಿಮೆ ಇರಬೇಕೋ ಎಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಬಸ್ಸಿನ ಲಗೇಜು, ರೇಷನ್ ಅಂಗಡಿ, ಹತ್ತಿಯ ಮಾರುಕಟ್ಟೆ, ಎಲ್ಲ ಕಡೆ ತೂಕದ ಏಟು ತಿಂದವರು ನಾವು. ತೂಕ ನೋಡುತ್ತಾರೆಂದರೆ ಕಡಿಮೆ ಇರಬೇಕು, ಅದರಲ್ಲಿ ಕೇಳುವುದೇನಿದೆ? ಎರಡು ದಿನ ಉಪವಾಸ ಮಾಡಿದೆವು. ಕಸ್ತೂರಿ ಬಳೆ ತೆಗೆದಳು, ಕಾಲುಂಗುರ ತೆಗೆದಳು. ಅವ್ವ ಕಿವಿಯ ಬುಗುಡಿ ಬಿಚ್ಚಿ ಏಜೆಂಟನ ಕೈಗೇ ಕೊಟ್ಟಳು. ಒಂಬತ್ತು ವರ್ಷದ ದಾನಿಯ ತಲೆಯನ್ನು ನಾನೇ ಬೋಳಿಸಿದೆ. ಅವಳು ಅತ್ತಳು. ಹೊಸ ಊರಿನಲ್ಲಿ ಉದ್ದ ಜಡೆ ಬೆಳೆಸೋಣವಂತೆ ಎಂದು ರಮಿಸಿದೆ.

ತೂಕದ ಮನೆಯ ಸಾಲಿನಲ್ಲಿ ನಮ್ಮ ಮುಂದೆ ಕೊಡೆ ರಿಪೇರಿಯ ಪಾಸ್ಕು ಇದ್ದ. ಸುಡುಬಿಸಿಲಿನಲ್ಲಿ ಅವನ ಮನೆಮಂದಿಯೆಲ್ಲ ಮೂರು ಮೂರು ಕೋಟು ಹಾಕಿದ್ದರು. ಅವನು ನಡೆದರೆ ಕೋಟಿನೊಳಗಿನ ಕಬ್ಬಿಣದ ಕಡ್ಡಿಗಳು ಝಣಝಣ ಎನ್ನುತ್ತಿದ್ದವು. ಅವನ ಹೆಂಡತಿ ಸೊಂಟಕ್ಕೆ ಇಡ್ಲಿ ಪಾತ್ರೆ ಕಟ್ಟಿಕೊಂಡಿದ್ದಳು. ನಲ್ಲಿಯ ಹತ್ತಿರ ನಿಂತು ಕಣ್ಣು ಹೊರಗೆ ಬರುವಷ್ಟು ನೀರು ಕುಡಿಯುತ್ತಿದ್ದರು. ನಾವು ನಾಲ್ವರೂ ಬಾಯಿಗೆ ಸೆರಗು, ಕೈ ಅಡ್ಡ ಹಿಡಿದು ನಕ್ಕೆವು.

ನಮ್ಮ ಸರದಿ ಬಂತು. ತೆಳ್ಳಗಿನ ಗುಮಾಸ್ತ ಮುಳ್ಳನ್ನು ನೋಡಿದ, ನಮ್ಮನ್ನು ನೋಡಿದ.

‘ಇಷ್ಟೇನಾ?’

‘ಇಷ್ಟರೀ’ ಎಂದೆ.

‘ಹೊತ್ತಿದೆ. ಹೊರಗೆ ನಲ್ಲಿ ಇದೆ, ಬೇಕಾದ್ರೆ ನೀರು ಕುಡ್ಕೊಂಡು ಬನ್ನಿ. ಸಾಮಾನೇನಾದ್ರೂ ಇದ್ರೆ ಮೈಮೇಲೆ ಹಾಕ್ಕೊಳ್ಳಿ. ನಾನೇನೂ ಅನ್ನಲ್ಲ.’

‘ಏನೂ ಬ್ಯಾಡ್ರೀ. ನಾವು ಇರೂದ ಇಷ್ಟ’ ಎಂದೆ, ಎದೆಯುಬ್ಬಿಸಿ.

ಅವನು ಇನ್ನೊಮ್ಮೆ ದಾನಿಯ ಬೋಳುತಲೆಯ ಕಡೆ ನೋಡಿದ. ಆಮೇಲೆ ಬರೆದ. ನೂರ ಅರವತ್ತೆಂಟು ಕಿಲೋ. ಆ ಒಂದು ದಿನ ಮಾತ್ರ ಒಬ್ಬೊಬ್ಬರನ್ನೂ ಬೇರೆಯಾಗಿ ತೂಗಿ ದಫ್ತರಕ್ಕೆ ಹಾಕಿಕೊಂಡರು: ನಾನು ಅರವತ್ತೆರಡು, ಕಸ್ತೂರಿ ನಲವತ್ತೆಂಟು, ಅವ್ವ ಮೂವತ್ತೇಳು, ದಾನಿ ಇಪ್ಪತ್ತೊಂದು. ಹೊರಗೆ ಬಂದಾಗ ಪಾಸ್ಕು ಕೋಟು ಬಿಚ್ಚಿ ಕಡ್ಡಿಗಳನ್ನು ಕಟ್ಟುತ್ತಿದ್ದ. ನಮ್ಮ ಕಾಗದ ನೋಡಿ ಅವನ ಮುಖ ಬಿಳಿಚಿಕೊಂಡಿತು.

‘ಎಂತ ಮಾರಾಯ್ರೆ, ನೀವು ವಿಮಾನ ಹತ್ತಲಿಕ್ಕೆ ಬಂದದ್ದಾ?’

ಈ ದಿನ ಬರೆದ ತೂಕವೇ ಇನ್ನು ಮುಂದೆ ನಮ್ಮ ಮಿತಿ ಎಂದು ಅವನು ವಿವರಿಸಿ ಹೇಳಿದ ಮೇಲೆ ನಮಗೆ ತಿಳಿಯಿತು. ಬೆಳೆಯುವ ಮಗು ಇಟ್ಟುಕೊಂಡು ಜಾಣರಾಗಲು ಹೋಗಿ ನಮ್ಮ ಕೈಯಾರೆ ನಾವೇ ತಲೆಯ ಮೇಲೆ ಕಲ್ಲು ಹಾಕಿಕೊಂಡಿದ್ದೆವು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಾವೂ ಹೊಂದಿಕೊಂಡೆವು. ಕಟ್ಟೆಯಲ್ಲಿ ಸಿಕ್ಕವರಿಗೆ ‘ಇಳಿದೀರಲ್ಲ!’ ಎಂದು ಹೊಗಳುವುದನ್ನು ಕಲಿತೆವು. ‘ಮೈ ಕೈ ತುಂಬಿಕೊಂಡಿದ್ದೀರಿ’ ಎನ್ನುವುದು ಅಲ್ಲಿ ಬೈಗುಳ. ಓಣಿಯಲ್ಲಿ ಎಲ್ಲ ಜಾತಿಯ ದೇವರಿಗೂ ಎಲ್ಲರೂ ಉಪವಾಸ ಮಾಡುತ್ತಿದ್ದರು. ಸೋಮವಾರ ಶಿವನದು, ಶುಕ್ರವಾರ ಪಾಸ್ಕುವಿನ ದೇವರದು, ನಡುವೆ ರೋಜಾ, ಏಕಾದಶಿ. ಹಳೆ ಸಾಮಾನಿನ ಸಂತೆಯಲ್ಲಿ ಹತ್ತಿಯ ಮೂಟೆ ತೂಗುವ ದೊಡ್ಡ ಹಲಗೆ ತಕ್ಕಡಿಯೊಂದನ್ನು ತಂದು ಹಿತ್ತಿಲಿನಲ್ಲಿ ಇಟ್ಟೆವು. ಕಸ್ತೂರಿ ಮೊದಲ ದಿನವೇ ಒಂದು ಕಟ್ಟಳೆ ಮಾಡಿದಳು.

‘ನಾಕೂ ಮಂದಿ ಕೂಡೇ ನಿಂದ್ರೂದು. ಒಬ್ಬೊಬ್ಬರನ್ನ ತೂಗೂದು ಬ್ಯಾಡ. ಒಬ್ಬೊಬ್ಬರ ತೂಕ ಗೊತ್ತಾತಂದ್ರ ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡಾಕ ಆಗೂದಿಲ್ಲ.’

ಒಳ್ಳೆಯ ಕಟ್ಟಳೆ ಎಂದು ನಾನು ತಲೆಯಾಡಿಸಿದೆ. ಹಾಗಾಗಿ ಆಮೇಲೆ ನಮ್ಮ ಮನೆಯಲ್ಲಿ ಯಾರು ಎಷ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಒಂದೇ ಅಂಕಿ.

ಮೂರು ವರ್ಷ ದಾಟಿದೆವು. ದಾನಿ ಏರಿದಳು, ನಾನು ಇಳಿದೆ. ಅವಳ ಲಂಗ ಮೊಣಕಾಲಿಗೆ ಬಂದಂತೆ ನನ್ನ ಪ್ಯಾಂಟಿನ ಬೆಲ್ಟಿಗೆ ತೂತುಗಳು ಹೆಚ್ಚಾದವು. ತಂದೆ ಮಕ್ಕಳಿಗೆ ಆಸ್ತಿ ಕೊಡುತ್ತಾನೆ, ನಾನು ಕಿಲೋ ಕೊಟ್ಟೆ ಎಂದು ಗಿರಾಕಿಗಳ ಮುಂದೆ ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಒಬ್ಬನು ಮಾತ್ರ ನಗುತ್ತಿರಲಿಲ್ಲ, ಗಡಿಯಾರ ರಿಪೇರಿಯ ವೆಂಕೋಬ. ಹಿಂದಿನ ವರ್ಷ ಅವನ ಮನೆಯ ಮುಳ್ಳು ಒಂದೂವರೆ ಕಿಲೋ ದಾಟಿತ್ತು. ಸಂಜೆಯವರೆಗೆ ಬೆಂಚಿನ ಮೇಲೆ ಕೂತು, ಕೊನೆಗೆ ಅವನ ಹೆಂಡತಿ ಯಾರನ್ನೂ ಕೇಳದೆ ಎದ್ದು ಸೇತುವೆ ದಾಟಿ ಹೋದಳು. ಆಮೇಲೆ ಗುಮಾಸ್ತ ಹೇಳಿದನಂತೆ, ಹೋದವರು ಬಂದಾಗಿನ ತೂಕವನ್ನು ತೆಗೆದುಕೊಂಡೇ ಹೋಗುತ್ತಾರೆ ಎಂದು. ಆಕೆ ಬಂದಾಗ ಐವತ್ತೊಂದಿದ್ದಳು, ಹೋಗುವಾಗ ನಲವತ್ತೂ ಇರಲಿಲ್ಲ. ಕಾಗದದಲ್ಲಿ ಐವತ್ತೊಂದೂ ಕಳೆದರು. ಹೀಗೆ ಆಕೆ ಹೋದ ಮೇಲೆ ವೆಂಕೋಬನಿಗೂ ಅವನ ಇಬ್ಬರು ಗಂಡುಮಕ್ಕಳಿಗೂ ಮುಂದಿನ ತೂಕದೊಳಗೆ ಇಳಿಸಬೇಕಾದ ಕಿಲೋ ಇನ್ನೂ ಹೆಚ್ಚಾಯಿತು. ಅವನು ನನ್ನಲ್ಲಿಗೆ ಬಂದರೆ ಕುರ್ಚಿಯನ್ನು ಕನ್ನಡಿಗೆ ಬೆನ್ನು ಮಾಡಿ ತಿರುಗಿಸಿ ಕೂರುತ್ತಿದ್ದ.

ನಾಲ್ಕನೆಯ ವರ್ಷ, ತೂಕಕ್ಕೆ ಇಪ್ಪತ್ತು ದಿನ ಇರುವಾಗ ದಾನಿ ಮೈನೆರೆದಳು. ಬೇರೆ ಊರಿನಲ್ಲಾಗಿದ್ದರೆ ಸಂಭ್ರಮ. ನಮ್ಮ ಮನೆಯಲ್ಲಿ ಕಸ್ತೂರಿ ಒಲೆಯ ಮುಂದೆ ಕೂತು ಹಣೆ ಹಿಡಿದುಕೊಂಡಳು. ಅವ್ವ ಮಾತ್ರ ಎಳ್ಳು ಹುರಿಯತೊಡಗಿದಳು. ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಮಾಡಿ, ಒಣಕೊಬ್ಬರಿ ಜೊತೆ ದಿನಕ್ಕೊಂದು ಉಂಡೆ ತಿನಿಸುವುದು ನಮ್ಮಲ್ಲಿ ದೊಡ್ಡವಳಾದ ಹುಡುಗಿಗೆ ಮಾಡುವ ಉಪಚಾರ.

‘ಅತ್ತೀ, ತೂಕಾ ಇಪ್ಪತ್ತ ದಿನಾ ಐತ್ರೀ’ ಎಂದಳು ಕಸ್ತೂರಿ.

‘ತೂಕದ ಮನೀಗೆ ಬೆಂಕಿ ಹತ್ತಲಿ. ಈಗ ತಿಂದದ್ದ ಆಕಿ ಸೊಂಟಕ್ಕ ಜಲಮಪೂರ್ತಿ ಬರ್ತದ. ನಿಮ್ಮವ್ವ ನಿನಗ ತಿನಿಸಿದ್ದಿಲ್ಲೇನು?’

ಆ ದಿನ ಹಿತ್ತಿಲಿನ ತಕ್ಕಡಿಯ ಮೇಲೆ ನಿಂತೆವು. ನೂರ ಎಪ್ಪತ್ತೊಂದು. ನಾನು ಇಳಿದು ಮತ್ತೆ ಹತ್ತಿದೆ. ನೂರ ಎಪ್ಪತ್ತೊಂದೇ. ಮೂರು ಕಿಲೋ. ನನ್ನಲ್ಲಿ ಇಳಿಸಲು ಇನ್ನೇನೂ ಉಳಿದಿರಲಿಲ್ಲ. ಕತ್ತರಿ ಹಿಡಿದರೆ ಬೆರಳು ನಡುಗುತ್ತಿದ್ದವು. ಮೂವರು ಸಾಹೇಬರ ಗಡ್ಡಕ್ಕೆ ಅಲುಗದ ಕೈ ಅದು.

ಅವ್ವ ಚಿಗಳಿಯ ಡಬ್ಬಿ ಮುಚ್ಚಿ ನನ್ನ ಹತ್ತಿರ ಬಂದಳು. ‘ಸಂಗ್ಯಾ, ನಾ ಹೊಳಿ ದಾಟಿ ಹೊಕ್ಕೀನಿ. ನಂದೇನೈತಿ, ನಾಕ ದಿನದ ಕತಿ. ಕೂಸು ಉಣ್ಣಲಿ.’

‘ನೀ ಹ್ವಾದ್ರ ಮೂವತ್ತೇಳು ಕಳೀತಾರ ಅವ್ವಾ. ಈಗ ನೋಡಿದ್ರ ನೀ ಮೂವತ್ತೆರಡರ ಮ್ಯಾಲಿಲ್ಲ. ನೀ ಹ್ವಾದ್ರ ಕೂಸಿಗೆ ಇನ್ನಾ ಐದ ಕಿಲೋ ಕಡಿಮಿ ಬೀಳತೈತಿ.’

‘ಸತ್ರ?’

‘ಸತ್ರೂ ಅಷ್ಟ.’

‘ಸಾಯಾಕೂ ಬರೂದಿಲ್ಲೇನೋ ಈ ಊರಾಗ?’ ಎಂದಳು ಅವ್ವ. ಇದನ್ನೆಲ್ಲ ದಾನಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವಳ ಕಾಲಿನ ಹೆಬ್ಬೆರಳು ಹೊಸ್ತಿಲ ಮೇಲೆ ಕಾಣುತ್ತಿತ್ತು. ನಾನು ನೋಡಿದೆ, ನೋಡದವನ ಹಾಗೆ ಅಂಗಡಿಗೆ ಹೋದೆ.

ಮರುದಿನದಿಂದ ನಾನೂ ಕಸ್ತೂರಿಯೂ ಒಪ್ಪತ್ತು ಊಟಕ್ಕೆ ಇಳಿದೆವು. ಅವ್ವ ದಿನವೂ ಮುಂಜಾನೆ ದಾನಿಯ ಕೈಯಲ್ಲಿ ಒಂದು ಚಿಗಳಿ ಇಡುತ್ತಿದ್ದಳು. ‘ತಿನ್ನವ್ವಾ ನನ್ನ ಬಂಗಾರಾ’ ಎನ್ನುತ್ತಿದ್ದಳು. ‘ಹೂಂ ಆಯಿ’ ಎಂದು ದಾನಿ ಅದನ್ನು ಹಿಡಿದು ಅಂಗಡಿಗೆ ಓಡುತ್ತಿದ್ದಳು. ಶಾಲೆಗೆ ಹೋಗುವ ಮೊದಲು ಅಂಗಡಿ ಗುಡಿಸಿ ಕೂದಲನ್ನು ಗೋಣಿಚೀಲಕ್ಕೆ ತುಂಬುವುದು ಅವಳ ಕೆಲಸ. ಹದಿನೈದು ದಿನಕ್ಕೊಮ್ಮೆ ಊರಿನ ಗಾಡಿ ಬಂದು ಚೀಲವನ್ನು ಹೊಳೆಯಾಚೆಗೆ ಒಯ್ಯುತ್ತಿತ್ತು.

ಮುಳ್ಳು ಇಳಿಯತೊಡಗಿತು. ನೂರ ಎಪ್ಪತ್ತೂವರೆ. ನೂರ ಎಪ್ಪತ್ತು. ನಾಲ್ಕು ದಿನ ಬಿಟ್ಟು ನೂರ ಅರವತ್ತೊಂಬತ್ತು. ನನಗೆ ಹಿಗ್ಗೇ ಹಿಗ್ಗು. ನನ್ನ ಉಪವಾಸದ ಫಲ ಎಂದುಕೊಂಡೆ. ಚಿಗಳಿ ತಿಂದೂ ಮುಳ್ಳು ಇಳಿಯುತ್ತಿದೆ ಎಂದರೆ ದೇವರು ಕಣ್ಣು ಬಿಟ್ಟಿದ್ದಾನೆ ಎಂದು ಅವ್ವ ಕೈಮುಗಿದಳು. ಕಸ್ತೂರಿ ಮಾತ್ರ ಒಮ್ಮೆ, ‘ದಾನಿ ಯಾಕೋ ಮೆತ್ತಗಾಗ್ಯಾಳ’ ಎಂದಳು. ಹೊಸದಾಗಿ ದೊಡ್ಡವಳಾಗಿದ್ದಾಳೆ, ಹಾಗೇ ಇರುತ್ತದೆ ಎಂದೆ. ಹೆಣ್ಣುಮಕ್ಕಳ ವಿಷಯ ನನಗೇನು ಗೊತ್ತು? ಆದರೂ ಹೇಳಿದೆ.

ತೂಕಕ್ಕೆ ಐದು ದಿನ ಇತ್ತು. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗಾಡಿ ಬರುವ ಹೊತ್ತಾಯಿತೆಂದು ಗೋಣಿಚೀಲದ ಬಾಯಿ ಕಟ್ಟಲು ಹೋದೆ. ಚೀಲ ಇರಬೇಕಾದ್ದಕ್ಕಿಂತ ಭಾರವಾಗಿತ್ತು. ಕೂದಲಿನ ತೂಕ ನನ್ನ ಕೈಗೆ ಗೊತ್ತು. ಒಳಗೆ ಕೈ ಹಾಕಿದೆ. ಗಟ್ಟಿಯಾದದ್ದೇನೋ ಸಿಕ್ಕಿತು. ತೆಗೆದು ನೋಡಿದರೆ ಚಿಗಳಿ. ಬೆಲ್ಲದ ಅಂಟಿಗೆ ಸುತ್ತಲೂ ಕೂದಲು ಮೆತ್ತಿಕೊಂಡು ಇಲಿಮರಿಯಂತೆ ಕಾಣುತ್ತಿತ್ತು. ಮತ್ತೆ ಕೈ ಹಾಕಿದೆ. ಇನ್ನೊಂದು. ಇನ್ನೂ ಇನ್ನೂ ಬಂದವು. ಹದಿನಾಲ್ಕು ಚಿಗಳಿ. ಒಣಗಿ ಕಡಕಲಾದ ರೊಟ್ಟಿಯ ಚೂರುಗಳು. ನೋಟ್‌ಬುಕ್ಕಿನ ಹಾಳೆಯಲ್ಲಿ ಕಟ್ಟಿದ, ಬೂಸು ಹಿಡಿದ ಅನ್ನ. ಹಾಳೆಯ ಮೇಲೆ ಗುಣಾಕಾರ ಭಾಗಾಕಾರದ ನಡುವೆ ಅವಳ ಕೈಬರಹದಲ್ಲಿ ಅಂಕಿಗಳು. ಹಿತ್ತಿಲಿನ ತಕ್ಕಡಿಯಲ್ಲಿ ದಿನವೂ ಬಂದ ಅಂಕಿಗಳು, ಒಂದರ ಕೆಳಗೊಂದು.

ಕೂಗಿ ಕಸ್ತೂರಿಯನ್ನು ಕರೆಯಲು ಬಾಯಿ ತೆರೆದೆ. ಆಗ ಬೆಳಗಿನ ಮುಳ್ಳು ನೆನಪಾಯಿತು. ನೂರ ಅರವತ್ತೆಂಟೂವರೆ. ಇನ್ನು ಅರ್ಧ ಕಿಲೋ. ಇನ್ನು ಐದು ದಿನ.

ಇದನ್ನು ಹೇಗೆ ಹೇಳಲಿ? ನಾನು ಎಲ್ಲವನ್ನೂ ಮತ್ತೆ ಚೀಲಕ್ಕೆ ಹಾಕಿದೆ. ಒಂದೊಂದಾಗಿ. ಮೇಲೆ ಕೂದಲು ಮುಚ್ಚಿದೆ. ಬಾಯಿಗೆ ಎರಡು ಗಂಟು ಹಾಕಿದೆ. ಗಾಡಿ ಬಂದಾಗ ಚೀಲವನ್ನು ನಾನೇ ಎತ್ತಿ ಗಾಡಿಯ ಮೇಲಿಟ್ಟೆ. ಯಾರೂ ನೋಡಲಿಲ್ಲ ಎಂದು ಸಮಾಧಾನವಾಯಿತು.

ಆ ಸಂಜೆ ಶಾಲೆಯಿಂದ ಬಂದ ದಾನಿ ಮೊದಲು ಚೀಲ ಇದ್ದ ಜಾಗ ನೋಡಿದಳು. ಹೊಸ ಖಾಲಿ ಚೀಲ ಇತ್ತು. ನನ್ನನ್ನು ನೋಡಿದಳು. ನಾನು ಕತ್ತಿಯನ್ನು ಚರ್ಮದ ಪಟ್ಟಿಗೆ ತಿಕ್ಕುತ್ತಿದ್ದೆ.

‘ಉಂಡಿಯೇನವ್ವಾ?’ ಎಂದೆ.

‘ಉಂಡೆ ಅಪ್ಪಾ.’

ಅಷ್ಟೇ ಮಾತು. ನನಗೆ ಗೊತ್ತಿದೆ ಎನ್ನುವುದು ಅವಳಿಗೆ ಗೊತ್ತಾಯಿತು. ಮರುದಿನ ಹೊಸ ಚೀಲದಲ್ಲಿ ಕೈ ಹಾಕಿ ನೋಡುವ ಧೈರ್ಯ ನನಗಾಗಲಿಲ್ಲ. ಐದು ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಸ್ತೂರಿ ಯಾವುದಕ್ಕೆ ಹೆದರಿ ಆ ಕಟ್ಟಳೆ ಮಾಡಿದ್ದಳೋ ಅದೇ ಆಯಿತು, ತೂಗಿ ನೋಡದೆಯೇ.

ತೂಕದ ದಿನ ಬೆಳಗ್ಗೆ ನಾಲ್ವರ ತಲೆಯನ್ನೂ ಬೋಳಿಸಿದೆ. ಅವ್ವನ ಬಿಳಿಗೂದಲು ಒಂದು ಹಿಡಿ ಬಂತು. ಕಸ್ತೂರಿ ಜಡೆ ಕೊಡುವಾಗ ಕಣ್ಣು ಮಿಟುಕಿಸಲಿಲ್ಲ. ದಾನಿಯ ಕೂದಲು ಹಿಡಿದರೆ ಎಳೆಯದೆಯೇ ಕೈಗೆ ಬರುತ್ತಿತ್ತು. ಬರಗೆಟ್ಟ ಮೈಯ ಕೂದಲು ಹೀಗೆ ಬರುತ್ತದೆ ಎಂದು ಕ್ಷೌರಿಕನಾದ ನನಗೆ ಯಾರೂ ಹೇಳಬೇಕಿರಲಿಲ್ಲ. ಅವಳ ನೆತ್ತಿಯ ಮೇಲೆ ಕತ್ತಿ ಆಡಿಸುವಾಗ ಒಂದು ಗೀರು ಬಿತ್ತು. ಅವಳು ‘ಸ್ಸ್’ ಎನ್ನಲೂ ಇಲ್ಲ.

ತೂಕದ ಮನೆಗೆ ನಡೆದು ಹೋದೆವು. ದಾನಿ ಗೋಡೆಗಳನ್ನು ಹಿಡಿದುಕೊಂಡು ನಡೆಯುತ್ತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅವ್ವ ಸೆರಗಿನ ಗಂಟನ್ನು ಬಿಚ್ಚಿ ಏನನ್ನೋ ಚಪ್ಪಲಿಯೊಳಗೆ ಇಟ್ಟಳು. ಒಳಗೆ ಅದೇ ಹಲಗೆ, ಅದೇ ಗುಮಾಸ್ತ, ಅವನ ತಲೆ ಈಗ ನೆರೆತಿತ್ತು. ಹೊರಗಿನ ಬೆಂಚು ಖಾಲಿ ಇತ್ತು. ಅದನ್ನು ನೋಡಬಾರದು ಎಂದುಕೊಂಡರೂ ಮತ್ತೆ ಮತ್ತೆ ನೋಡಿದೆ. ಯಾರು? ಕೂರಬೇಕಾಗಿ ಬಂದರೆ ಯಾರು?

ಹಲಗೆ ಹತ್ತಿದೆವು. ಮುಳ್ಳು ಬರ್ರನೆ ಮೇಲೆ ಹೋಯಿತು. ನೂರ ಅರವತ್ತೆಂಟನ್ನು ದಾಟಿತು. ಎಪ್ಪತ್ತನ್ನು ಮುಟ್ಟಿತು. ಕಸ್ತೂರಿಯ ಉಗುರು ನನ್ನ ತೋಳಿಗೆ ನಾಟಿತು. ಮುಳ್ಳು ತೂಗಾಡಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ನಾನು ಉಸಿರು ಬಿಟ್ಟರೆ ಹಗುರಾಗುತ್ತೇನೋ, ಹಿಡಿದರೆ ಹಗುರಾಗುತ್ತೇನೋ ತಿಳಿಯದೆ ಸುಮ್ಮನೆ ನಿಂತೆ. ಕೊನೆಗೆ ಮುಳ್ಳು ನಿಂತಿತು.

‘ನೂರ ಅರವತ್ತಾರು’ ಎಂದ ಗುಮಾಸ್ತ. ಅವನ ಮುಖ ಅರಳಿತು. ‘ಎರಡು ಕಿಲೋ ಉಳಿಸ್ಕೊಂಡಿದೀರಲ್ರೀ! ನಿಮ್ಮಷ್ಟು ಅಚ್ಚುಕಟ್ಟಾದ ಮನೆ ಈ ವರ್ಷ ಇನ್ನೊಂದು ಬಂದಿಲ್ಲ. ಬಂದ ದಿನ ನಿಮ್ಮನ್ನ ನೋಡಿ, ಇವ್ರು ಒಂದು ವರ್ಷ ನಿಲ್ಲಲ್ಲ ಅಂದ್ಕೊಂಡಿದ್ದೆ.’

ಅವನು ಮುದ್ರೆ ಒತ್ತಿದ. ನನಗೆ ಆದದ್ದು ಸಂತೋಷವೇ, ಸುಳ್ಳು ಯಾಕೆ ಹೇಳಲಿ. ಕಾಗದವನ್ನು ಕಣ್ಣಿಗೆ ಒತ್ತಿಕೊಂಡೆ. ಅವ್ವ ಹಲಗೆಗೆ ಕೈಮುಗಿದಳು. ಆಗ ದಾನಿ ನನ್ನ ಅಂಗಿ ಹಿಡಿದು ಜಗ್ಗಿದಳು. ಐದು ದಿನಗಳ ಮೇಲೆ ಮೊದಲ ಸಲ ನನ್ನ ಮುಖ ನೋಡುತ್ತಿದ್ದಳು. ಕಣ್ಣು ಮಾತ್ರ ದೊಡ್ಡವಾಗಿದ್ದವು.

‘ಅಪ್ಪಾ, ಇನ್ನ ಎರಡು ಕಿಲೋ ನಾ ಬೆಳೀಬೌದಲ್ಲಾ?’

ಇಷ್ಟು ಹೇಳಿ ಹಲಗೆಯಿಂದ ಇಳಿಯಲು ಹೋಗಿ ಮುಗ್ಗರಿಸಿದಳು. ನಾನು ಎತ್ತಿಕೊಂಡೆ. ಹದಿಮೂರು ವರ್ಷದ ಹುಡುಗಿ, ಕಾಲು ನನ್ನ ಮೊಣಕಾಲಿನ ಕೆಳಗೆ ಜೋತಾಡುತ್ತಿದ್ದವು. ನಾನೂ ಒಣಗಿದ ಕಡ್ಡಿ. ಆದರೂ ಅವಳನ್ನು ಎತ್ತಲು ನನಗೆ ಏನೂ ಶ್ರಮವಾಗಲಿಲ್ಲ. ಕೂದಲಿನ ಚೀಲ ಇದಕ್ಕಿಂತ ಭಾರವಿತ್ತು ಅನ್ನಿಸಿತು. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ, ಮುಳ್ಳು ಎಪ್ಪತ್ತು ಮುಟ್ಟಿದಾಗಲೂ ಆಗಿರಲಿಲ್ಲ.

ಕಸ್ತೂರಿ ಓಡಿ ಬಂದು ಮಗಳ ಬೆನ್ನ ಕೆಳಗೆ ಕೈಯಿಟ್ಟಳು. ಇಟ್ಟ ಕೈ ಅಲ್ಲೇ ನಿಂತಿತು. ‘ಯಾಕ ಇಷ್ಟು ಹಗೂರ ಅದಾಳ ಈಕಿ?’ ಎಂದಳು. ‘ಅತ್ತಿ ದಿನಾ ಚಿಗಳಿ ತಿನಿಸ್ಯಾರಲ್ಲ?’

‘ತಿಂದಿಲ್ಲ’ ಎಂದೆ. ‘ಕೂದಲದ ಚೀಲದಾಗ ಹಾಕ್ಯಾಳ. ರೊಟ್ಟೀನೂ. ಎಲ್ಲಾ.’

‘ನಿಮಗ ಹ್ಯಾಂಗ ಗೊತ್ತು?’

ಕೇಳುವಾಗಲೇ ಅವಳಿಗೆ ತಿಳಿದುಹೋಯಿತು. ಬೈಯುತ್ತಾಳೆ, ಹೊಡೆಯುತ್ತಾಳೆ, ಅಲ್ಲೇ ಕೂತು ಬೋರಾಡಿ ಅಳುತ್ತಾಳೆ ಎಂದುಕೊಂಡೆ. 'ಹೊಡಿ' ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ನನ್ನ ಕೈಯಿಂದ ಕಾಗದ ತೆಗೆದುಕೊಂಡಳು. ಮುದ್ರೆಯ ಮಸಿ ಇನ್ನೂ ಹಸಿಯಾಗಿತ್ತು. ಅದನ್ನು ಒಯ್ದು ಗುಮಾಸ್ತನ ಮೇಜಿನ ಮೇಲೆ ಇಟ್ಟಳು.

‘ಇದೇನಮ್ಮ?’

‘ತಗೋರಿ. ನಮಗ ಬ್ಯಾಡ.’

ಗುಮಾಸ್ತ ಗಾಬರಿಯಾದ. ‘ಅಮ್ಮ, ಯೋಚ್ನೆ ಮಾಡಿ. ಒಂದ್ಸಲ ಒಪ್ಪಿಸಿದ್ರೆ ಮತ್ತೆ ಅರ್ಜಿ ತಗೊಳಲ್ಲ. ನಾಲ್ಕು ಜನಕ್ಕೂ ಸೇತುವೆ. ನಿಮ್ ತೂಕ ಸರಿಯಾಗೇ ಇದೆಯಲ್ಲ?’

‘ಸರಿ ಐತ್ರೀ’ ಎಂದಳು ಕಸ್ತೂರಿ. ‘ಅದಕ್ಕ ಕೊಡಾಕತ್ತೀನಿ.’

ಅವಳನ್ನು ತಡೆಯಬೇಕೆಂದು ನನಗೆ ಅನ್ನಿಸಲಿಲ್ಲ ಎಂದರೆ ಅದೂ ಸುಳ್ಳು. ಹೊಳೆಯಾಚೆ ನಮಗೆ ಯಾರಿದ್ದರು? ಇದ್ದ ಊರು ನೀರಿನ ಅಡಿ. ಮಳೆಗಾಲ ತಲೆಯ ಮೇಲಿತ್ತು. ಇನ್ನೊಂದು ಊರಿನ ವೀಸಾಕ್ಕೆ ಇನ್ನೆರಡು ವರ್ಷ ಯಾವ ಕಚೇರಿಯ ಜಗಲಿಯಲ್ಲಿ ಮಲಗುವುದು? ಇದೆಲ್ಲ ಒಂದೇ ಉಸಿರಿಗೆ ನಾಲಗೆಯ ತುದಿಗೆ ಬಂತು. ದಾನಿ ನನ್ನ ಹೆಗಲಿನ ಮೇಲೆ ತಲೆಯಿಟ್ಟಿದ್ದಳು. ಅವಳ ನೆತ್ತಿಯ ಗೀರಿನಲ್ಲಿ ರಕ್ತ ಒಣಗಿತ್ತು. ನಾನು ಕಾಗದದ ಕಡೆ ಕೈ ಚಾಚದೆ, ಅವಳನ್ನು ಎತ್ತಿಕೊಂಡೇ ಬಾಗಿಲ ಕಡೆ ನಡೆದೆ.

ಮನೆಗೆ ಹೋಗಿ ಕತ್ತರಿ ಕತ್ತಿಗಳ ಪೆಟ್ಟಿಗೆ, ನಾಲ್ಕು ಬಟ್ಟೆ ಕಟ್ಟಿಕೊಂಡೆವು. ತಕ್ಕಡಿಯನ್ನು ಹಿತ್ತಿಲಿನಲ್ಲೇ ಬಿಟ್ಟೆವು. ಓಣಿಯವರು ಬಾಗಿಲ ಮರೆಯಿಂದ ನೋಡುತ್ತಿದ್ದರು. ವೆಂಕೋಬ ಹೊರಗೆ ಬಂದು ಸೇತುವೆಯ ಕಡೆ ಬೆರಳು ಮಾಡಿದ. ಅವನ ಹೆಂಡತಿ ಸಿಕ್ಕರೆ ಹೇಳಿ ಎಂದು ಅರ್ಥ ಮಾಡಿಕೊಂಡೆ. ಪಾಸ್ಕು ಓಡುತ್ತ ಬಂದು ದೊಡ್ಡದೊಂದು ಕಪ್ಪು ಕೊಡೆಯನ್ನು ನನ್ನ ಕಂಕುಳಿಗೆ ತುರುಕಿದ.

‘ಭಾರ ಅಂತ ಬೇಡ ಹೇಳ್ಬೇಡಿ ಮಾರಾಯ್ರೆ’ ಎಂದ. ‘ಇನ್ನು ನಿಮಗೆ ಭಾರದ ಲೆಕ್ಕ ಇಲ್ಲ ಅಲ್ವಾ.’

ಸೇತುವೆಯ ಈಚೆ ತುದಿಯಲ್ಲಿ ಬರುವವರಿಗೆ ಒಂದು ಬಾಗಿಲು, ಹೋಗುವವರಿಗೆ ಒಂದು. ಬರುವ ಬಾಗಿಲಲ್ಲಿ ಉದ್ದನೆಯ ಸಾಲಿತ್ತು. ಗಂಡ, ಹೆಂಡತಿ, ಮಕ್ಕಳು, ಮುದುಕರು, ಕೈಯಲ್ಲಿ ಕಾಗದಗಳು. ಒಬ್ಬ ಚಿಕ್ಕ ಹುಡುಗಿಯ ತಲೆ ನುಣ್ಣಗೆ ಬೋಳಾಗಿತ್ತು. ನನಗೆ ಕಾಲು ನಿಂತುಬಿಟ್ಟಿತು. ‘ನೀರು ಕುಡೀರಿ! ಮೈಮೇಲೆ ಏನಾರ ಹಾಕ್ಕೋರಿ!’ ಎಂದು ಕೂಗಿದೆ. ಆ ಮನೆಯವರು ನಮ್ಮ ನಾಲ್ಕು ಬೋಳುತಲೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಹೋಗುವ ಬಾಗಿಲಲ್ಲಿ ತಕ್ಕಡಿ ಇರಲಿಲ್ಲ. ಯಾರೂ ಏನೂ ಕೇಳಲಿಲ್ಲ.

ಸೇತುವೆಯ ಮೇಲೆ ಸ್ವಲ್ಪ ದೂರ ಬಂದ ಮೇಲೆ ದಾನಿ ನಡೆಯುತ್ತೇನೆ ಎಂದಳು. ಇಳಿಸಿದೆ. ಅವ್ವ ಸೆರಗಿನ ಗಂಟು ಬಿಚ್ಚಿದಳು. ತೂಕದ ಮನೆಯ ಬಾಗಿಲಲ್ಲಿ ಚಪ್ಪಲಿಯೊಳಗೆ ಇಟ್ಟು, ಹೊರಗೆ ಬಂದಾಗ ಮತ್ತೆ ಗಂಟಿಗೆ ಹಾಕಿಕೊಂಡಿದ್ದ ಚಿಗಳಿ ಅದು. ದಾನಿಯ ಕೈಯಲ್ಲಿ ಇಟ್ಟಳು. ದಾನಿ ತಿನ್ನಲಿಲ್ಲ. ಅಂಗೈ ಮೇಲೆ ಇಟ್ಟುಕೊಂಡು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಳು, ನನ್ನ ಗಿರಾಕಿಗಳು ಕೂದಲನ್ನು ತೂಗಿ ನೋಡುತ್ತಿದ್ದ ಹಾಗೆ.

‘ಇದು ಎಷ್ಟ ಗ್ರಾಂ ಇರಬೌದು ಅಪ್ಪಾ?’

‘ಗೊತ್ತಿಲ್ಲವ್ವಾ’ ಎಂದೆ. ನನಗೆ ಗೊತ್ತಿತ್ತು. ನಲವತ್ತು.

ಅವಳು ಹಿಂದೆ ತಿರುಗಿ ಊರಿನ ಕಡೆ ನೋಡಿದಳು, ಮುಂದೆ ನೋಡಿದಳು. ಆಮೇಲೆ ಚಿಗಳಿಯ ತುದಿಯನ್ನು ಕಚ್ಚಿದಳು. ನಾನು ಅವಳಿಗಿಂತ ಎರಡು ಹೆಜ್ಜೆ ಮುಂದೆ ಹೋದೆ. ಸೇತುವೆ ಮುಗಿಯುವವರೆಗೂ ಹಿಂದಿನಿಂದ ಅವಳು ಅಗಿಯುವ ಸದ್ದು ಕೇಳುತ್ತಿತ್ತು. ನುಂಗಿದಳೋ ಇಲ್ಲವೋ ಎಂದು ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.